ಗೋಡೆಯಾಚೆಯ ನಿದ್ದೆ ಕೆಡಿಸದೆ ವಿಮಾನದ ಬಾಲ ಕಟ್ಟಿದ ಅನುಭವ

ಮನೆಯಲ್ಲೇ ಜೋಡಿಸಿ ಕಟ್ಟುವ ಎರಡು ಸೀಟಿನ ಆರ್‌ವಿ-9ಎ ವಿಮಾನದ ಬಾಲದ ಕಿಟ್ ತರಿಸಿಕೊಂಡಾಗ, ಓಹಾಯೊದ ಡೇಟನ್ ಸಮೀಪದ ನಮ್ಮ ಮನೆಯ ಗರಾಜನ್ನು ನೋಡಿದ ಅನುಭವಿಗಳೆಲ್ಲರೂ ಇಲ್ಲಿ ಆಗುವುದಿಲ್ಲ ಎಂದೇ ಹೇಳಿದರು. ಅದು ಒಂದೇ ಕಾರು ನಿಲ್ಲುವ, ಹತ್ತಡಿ ಅಗಲ ಇಪ್ಪತ್ತಡಿ ಉದ್ದದ ಜಾಗ. ಅದರ ಒಂದು ಗೋಡೆ ಪಕ್ಕದ ಮನೆಯವರಿಗೂ ಸೇರಿದ್ದು, ಆಚೆಗಿರುವುದು ಅವರ ಕೈಗೂಸು ಮಲಗುವ ಕೋಣೆ. ನನಗೆ ಬಿಡುವು ಸಿಗುವುದು ರಾತ್ರಿ ಒಂಬತ್ತರ ನಂತರ, ತಗಡು ಕೂಡಿಸುವ ರಿವೆಟ್ ಮೊಳೆಯನ್ನು ಬಡಿಯುವಾಗ ಹಿಂಬದಿಗೆ ಒತ್ತಿಹಿಡಿಯುವ ಉಕ್ಕಿನ ಗಟ್ಟಿಯನ್ನು, ಅಂದರೆ ಬಕಿಂಗ್ ಬಾರನ್ನು, ಹಿಡಿಯಲು ಇನ್ನೊಬ್ಬರಿಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಗಡಿನ ಕೆಲಸ ಮಾಡಿ ನಿವೃತ್ತರಾದ ನನ್ನ ಸೋದರಮಾವ ಕೂಡ, ರಿವೆಟ್ ಹೊಡೆಯುವುದು ಇಬ್ಬರ ಕೆಲಸ, ಒಬ್ಬನ ಕೈಯಲ್ಲಿ ಅಚ್ಚುಕಟ್ಟು ಬಾರದು ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಹದಿನಾಲ್ಕು ತಿಂಗಳು, ಸುಮಾರು 260 ಗಂಟೆಗಳ ಕೆಲಸದ ನಂತರ ಬಾಲದ ಸ್ಥಿರ ಭಾಗಗಳಾದ ಅಡ್ಡ, ಲಂಬ ಸ್ಟೆಬಿಲೈಸರ್‌ಗಳೆರಡೂ, ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್, ಮೇಲೆ ಕೆಳಗೆ ಮಾಡುವ ಎಲಿವೇಟರ್‌ಗಳು ಮುಗಿದು ಅದೇ ಗೋಡೆಯ ಮೇಲೆ ತೂಗುತ್ತಿವೆ. ಕಳೆದ ತಿಂಗಳು ಬಂದ ಇಎಎ (ಸ್ವಂತವಾಗಿ ವಿಮಾನ ಕಟ್ಟುವವರ ಸಂಘ) ತಾಂತ್ರಿಕ ಸಲಹೆಗಾರರು ಗೇಜ್ ಹಿಡಿದು ಸಾಲುಸಾಲಾಗಿ ನೋಡಿ, ಎರಡೇ ರಿವೆಟ್‌ಗಳನ್ನು ಬದಲಿಸಲು ಹೇಳಿದರು. ಆದ್ದರಿಂದ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಜಾಗ ಸಾಲದೆಂಬ ಮಾತಿಗೆ ನಮ್ಮ ಊರಿನಲ್ಲೇ ಉತ್ತರವಿತ್ತು. ರೈಟ್ ಸಹೋದರರು 1903ರ ವಿಮಾನವನ್ನು ಡೇಟನ್ನಿನ ಸೈಕಲ್ ಅಂಗಡಿಯಲ್ಲಿ ಬಿಡಿಬಿಡಿಯಾಗಿಯೇ ತಯಾರಿಸಿದರು. ನಡುವಿನ ಭಾಗವನ್ನು ಜೋಡಿಸಿದಾಗ ಅಂಗಡಿಯೊಳಗಿನ ದಾರಿಯೇ ಮುಚ್ಚಿಹೋಗಿ, ಗಿರಾಕಿ ಬಂದರೆ ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿ ಸುತ್ತಿಕೊಂಡು ಮುಂದಕ್ಕೆ ಬರಬೇಕಾಗಿತ್ತು. ನನಗೆ ನಿಜವಾದ ತೊಡಕಾಗಿದ್ದದ್ದು ಜಾಗವಲ್ಲ, ಸದ್ದು.

ನನ್ನ ಕ್ರಮವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಬಡಿಯುವುದನ್ನು ಬಿಟ್ಟು ಒತ್ತುವುದು. ಕಿಟ್ಟಿನ ಪೆಟ್ಟಿಗೆ ಬಿಚ್ಚುವ ಮೊದಲೇ ನಕ್ಷೆಯ ಪ್ರತಿಯೊಂದು ಹಾಳೆಯ ಮೇಲೂ, ರಿವೆಟ್ಟನ್ನು ಎರಡೂ ಬದಿಯಿಂದ ಒತ್ತಿ ಕೂರಿಸುವ ಸ್ಕ್ವೀಜರ್ ತಲುಪುವ ರಿವೆಟ್‌ಗೆ ಹಸಿರು ಶಾಯಿಯಲ್ಲಿಯೂ ತಲುಪದ್ದಕ್ಕೆ ಕೆಂಪು ಶಾಯಿಯಲ್ಲಿಯೂ ಗುರುತು ಹಾಕಿದೆ. ಕೈಪಿಡಿಯ ಅನುಕ್ರಮವನ್ನು ಕೆಲವೆಡೆ ಹಿಂದುಮುಂದು ಮಾಡಿದರೆ, ಮುಚ್ಚಿಹೋಗಲಿರುವ ಅಂಚುಗಳಿಗೆ ಮೊದಲೇ ಸ್ಕ್ವೀಜರ್‌ನ ದವಡೆಯಾದ ಯೋಕ್ ತೂರಿಸಬಹುದೆಂದು ಆಗ ಕಂಡಿತು. ಬಾಲದ ರಿವೆಟ್‌ಗಳಲ್ಲಿ ಐದರಲ್ಲಿ ಮೂರು ಪಾಲಿಗಿಂತ ಹೆಚ್ಚು ಹೀಗೆ ಸದ್ದಿಲ್ಲದೆ ಕೂತವು. ರಿವೆಟ್ ತಲೆ ತಗಡಿನ ಮಟ್ಟಕ್ಕೆ ಕೂರಲೆಂದು ರಂಧ್ರದ ಸುತ್ತ ತಗ್ಗು ಒತ್ತುವಾಗ, ಅಂದರೆ ಡಿಂಪಲ್ ಹಾಕುವಾಗ, ಸಿ ಆಕಾರದ ಚೌಕಟ್ಟಿನ (ಸಿ-ಫ್ರೇಮ್) ಮೇಲೆ ಸುತ್ತಿಗೆಯಿಂದ ಹೊಡೆಯುವ ಬದಲು, ಸನ್ನೆಗೋಲಿನಿಂದ ಒತ್ತುವ ಡಿಆರ್‌ಡಿಟಿ-2 ಯಂತ್ರವನ್ನು ಬಳಸಿದೆ. ಉಳಿದ ಕೆಂಪು ಗುರುತುಗಳನ್ನೆಲ್ಲ ಒಟ್ಟುಮಾಡಿಟ್ಟುಕೊಂಡು, ಪಕ್ಕದ ಮನೆಯವರು ಹೊರಗೆ ಹೋಗುವ ಶನಿವಾರದ ಹಗಲಿನಲ್ಲಿ ಗಾಳಿಯ ಬಲದಿಂದ ಬಡಿಯುವ ರಿವೆಟ್ ಗನ್ ಹಿಡಿದು ಮುಗಿಸುತ್ತಿದ್ದೆ. ತಗಡು ಬಾಗದಂತೆ ಒಳಗೆ ಕೂರಿಸುವ ಪಟ್ಟಿಗಳಾದ ಸ್ಟಿಫನರ್‌ಗಳಿಗೆ, ರಿವೆಟ್ ತಲೆಯನ್ನು ಉಕ್ಕಿನ ಹಲಗೆಗೆ ಆನಿಸಿ ಹಿಂಬದಿಯಿಂದ ಹೊಡೆಯುವ ಬ್ಯಾಕ್ ರಿವೆಟಿಂಗ್ ಮಾಡಿದ್ದರಿಂದ ಅಲ್ಲಿಯೂ ಎರಡನೆಯವರ ಕೈ ಬೇಕಾಗಲಿಲ್ಲ.

ಸದ್ದು ಹುಟ್ಟುವುದು ಗನ್ನಿನಿಂದ ಎನ್ನುವುದಕ್ಕಿಂತ ತಗಡಿನಿಂದ ಎಂಬುದು ನನಗೆ ತಡವಾಗಿ ತಿಳಿಯಿತು. ಇಂಡಿಯನ್ ಅಂಗಡಿಯಿಂದ ತಂದ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಅಕ್ಕಿಯ ಖಾಲಿ ಚೀಲಗಳಿಗೆ ಒಣಮರಳು ತುಂಬಿ, ಬಾಯಿ ಹೊಲಿದು, ರಿವೆಟ್ ಸಾಲಿನ ಎರಡೂ ಬದಿಗೆ ತಗಡಿನ ಮೇಲೆ ಹೊರಿಸಿದೆ. ಪಕ್ಕದ ಮನೆಯವರ ಅನುಮತಿ ಪಡೆದು ಅವರ ಕೋಣೆಯಲ್ಲಿ ಫೋನ್ ಇಟ್ಟು ಅಳೆದಾಗ, ಮೊದಲು 70 ಡೆಸಿಬೆಲ್ ಹತ್ತಿರ ಇದ್ದದ್ದು 55ರ ಆಸುಪಾಸಿಗೆ ಇಳಿಯಿತು. ಚೀಲವನ್ನು ಎಲ್ಲಿ ಇಡಬೇಕೆಂಬುದನ್ನು ಅವರವರೇ ಕೈಯಿಂದ ತಟ್ಟಿ ಕಂಡುಕೊಳ್ಳಬೇಕು.

ಸೋತದ್ದನ್ನೂ ಹೇಳಬೇಕು. ಒಂದು ರಾತ್ರಿ ಹನ್ನೊಂದೂವರೆಗೆ, ಅಡ್ಡ ಸ್ಟೆಬಿಲೈಸರ್‌ನ ಹೊದಿಕೆಗೆ ಡಿಂಪಲ್ ಹಾಕುತ್ತಿರುವಾಗ ಡೈನ (ಒತ್ತುವ ಅಚ್ಚಿನ) ತುದಿ ರಂಧ್ರದೊಳಗೆ ಕೂರದೆ ಪಕ್ಕಕ್ಕೆ ಸರಿದು, ಇದ್ದ ರಂಧ್ರದ ಬದಿಯಲ್ಲೇ ಹೊಸ ತೂತು ಕೊರೆಯಿತು. ಸುತ್ತಿಗೆಯ ಕ್ರಮದಲ್ಲಿ ಏಟು ಹಾಕುವ ಮುನ್ನ ಒಂದು ಕ್ಷಣ ಕಣ್ಣು ಹಾಯಿಸುತ್ತೇವೆ. ಸನ್ನೆಗೋಲಿನ ಯಂತ್ರ ಎಷ್ಟು ಸುಲಭವಾಗಿ ಇಳಿಯುತ್ತದೆಂದರೆ ಆ ಎಚ್ಚರವೇ ತಪ್ಪಿಹೋಗುತ್ತದೆ. ಹೊಸ ಹೊದಿಕೆಗೂ ಸಾಗಣೆಗೂ ಸೇರಿ ಸುಮಾರು 170 ಡಾಲರ್ ಕೈಬಿಟ್ಟಿತು. ಅಂದಿನಿಂದ ಹತ್ತೂವರೆಯ ನಂತರ ಡಿಂಪಲ್ ಮುಟ್ಟಿಲ್ಲ. ಬಾಗಿದ ರಿವೆಟ್‌ಗಳನ್ನು ಕೊರೆದು ತೆಗೆಯುವಾಗ ರಂಧ್ರ ದೊಡ್ಡದಾಗಿ ಏಳು ಕಡೆ, ಕಾಂಡ ದಪ್ಪವಾಗಿದ್ದರೂ ತಲೆ ಚಿಕ್ಕದಾಗಿರುವ ಎನ್‌ಎಎಸ್ 1097 ರಿವೆಟ್ ಹಾಕಬೇಕಾಯಿತು. ಹೆಚ್ಚು ಕಾಡಿದ್ದು ಎಲಿವೇಟರ್‌ನ ಹಿಂದಿನ ಅಂಚಿನಲ್ಲಿರುವ ಪುಟ್ಟ ಹೊಂದಾಣಿಕೆ ಪಟ್ಟಿಯಾದ ಟ್ರಿಮ್ ಟ್ಯಾಬ್: ಕೊನೆಯ ಮಡಿಕೆಗಳಲ್ಲಿ ಎರಡು ಟ್ಯಾಬ್‌ಗಳನ್ನು ಹಾಳುಮಾಡಿದ ಮೇಲೆ, ಮೂರನೆಯದರಲ್ಲಿ ಮಡಿಸುವ ಅಂಚನ್ನೇ ಕತ್ತರಿಸಿ, ಪುಟ್ಟ ರಿಬ್ (ಆಧಾರದ ಅಡ್ಡಪಟ್ಟಿ) ಮಾಡಿ ಕೂರಿಸಿದೆ. ಈ ದಾರಿಯನ್ನು ಬೇರೆಯವರೂ ಹಿಡಿದಿದ್ದಾರೆ. ನಾನು ಮೊದಲೇ ಹಿಡಿಯಬೇಕಿತ್ತು.

ಈ ನಡುವೆ ಲೋಹ ಸವೆಯದಂತೆ ಬಳಿಯುವ ಪ್ರೈಮರ್ ಬೇಕೇ ಬೇಡವೇ ಎಂಬ ಚರ್ಚೆ ಕೇಳಿ ಕೇಳಿ ಸಾಕಾಗಿ, ಮಿಕ್ಕ 2024-ಟಿ3 ಆಲ್‌ಕ್ಲ್ಯಾಡ್ (ಶುದ್ಧ ಅಲ್ಯೂಮಿನಿಯಂ ಪದರ ಹೊದಿಸಿದ ಮಿಶ್ರಲೋಹದ ತಗಡು) ತುಂಡುಗಳನ್ನು ಉಪ್ಪುನೀರಿನ ಗಾಜಿನ ಭರಣಿಗಳಲ್ಲಿ ಮೂರು ತಿಂಗಳು ಮುಳುಗಿಸಿಟ್ಟೆ. ಒಂದು ತುಂಡು ಬರಿಯದು, ಒಂದಕ್ಕೆ ಡಬ್ಬಿಯ ಸೆಲ್ಫ್ ಎಚಿಂಗ್ ಪ್ರೈಮರ್, ಇನ್ನೊಂದಕ್ಕೆ ಎರಡು ಭಾಗಗಳ ಎಪಾಕ್ಸಿ. ಮೂರರ ಮೇಲೂ ಮೊಳೆಯಿಂದ ಗೀರು ಎಳೆದಿದ್ದೆ. ಬರಿಯ ತುಂಡಿನ ಮುಖ ಮಂಕಾದರೂ ಗೀರಿನ ಬಳಿ ಹೆಚ್ಚೇನೂ ಆಗಿರಲಿಲ್ಲ. ಮೇಲಿನ ಶುದ್ಧ ಅಲ್ಯೂಮಿನಿಯಂ ಪದರ ತಾನು ಸವೆದು ಒಳಗಿನ ಲೋಹವನ್ನು ಕಾಯುತ್ತದೆ ಎಂಬುದು ಕಣ್ಣಾರೆ ಕಂಡಿತು. ಕತ್ತರಿಸಿದ ಅಂಚಿನಲ್ಲಿ ಮಾತ್ರ ಬಿಳಿ ಪುಡಿ ಎದ್ದಿತ್ತು. ಹಾಗಾಗಿ ನಾನು ಅಂಚುಗಳಿಗೂ ತಗಡು ತಗಡು ಕೂಡುವ ಮುಖಗಳಿಗೂ ಎಪಾಕ್ಸಿ ಹಚ್ಚಿ ಉಳಿದದ್ದನ್ನು ಹಾಗೆಯೇ ಬಿಟ್ಟಿದ್ದೇನೆ.

ಹಣದ ಲೆಕ್ಕ ನೆನಪಿನಿಂದ ಹೇಳುತ್ತಿರುವುದು. ಕಿಟ್ಟಿಗೂ ಸಾಗಣೆಗೂ 2,600 ಡಾಲರ್, ಉಪಕರಣಗಳಿಗೆ 3,400, ತಪ್ಪುಗಳಿಗೆ 400ರ ಮೇಲೆ. ಉಪಕರಣದ ಹಣದಲ್ಲಿ ಮೂರನೆಯ ಒಂದು ಪಾಲನ್ನು ಗಾಳಿಯ ಸ್ಕ್ವೀಜರ್ ಮತ್ತು ಅದರ ಯೋಕ್‌ಗಳೇ ನುಂಗಿದವು. ಅದನ್ನು ದುಂದು ಎಂದವರಿದ್ದರು, ಆದರೆ ಆ ಸ್ಕ್ವೀಜರ್ ಇಲ್ಲದಿದ್ದರೆ ನನ್ನ ಕ್ರಮವೇ ಇಲ್ಲ. ನಿಜವಾದ ದುಂದು ಮೊದಲ ಕಂಪ್ರೆಸರ್. ಅಗ್ಗವೆಂದು 150 ಡಾಲರ್‌ಗೆ ಕೊಂಡ ಆ ಎಣ್ಣೆರಹಿತ ಯಂತ್ರದ ಅಬ್ಬರಕ್ಕೆ ಮಗು ಮೊದಲ ರಾತ್ರಿಯೇ ಎದ್ದು ಅತ್ತಿತು. ಅದನ್ನು 60ಕ್ಕೆ ಮಾರಿ, ನಿಧಾನಗತಿಯ ಮೋಟಾರಿನ ಇನ್ನೊಂದನ್ನು 280ಕ್ಕೆ ತಂದೆ.

ರಡ್ಡರ್‌ನ ಹಿಂದಿನ ಅಂಚಿನ ಬಗ್ಗೆ ಹೆಮ್ಮೆಯಿಂದಲೇ ಹೇಳುತ್ತೇನೆ: ದಾರ ಬಿಗಿದು ನೋಡಿದರೆ ಪೋಸ್ಟ್‌ಕಾರ್ಡಿನ ದಪ್ಪದಷ್ಟೂ ಬಾಗಿಲ್ಲ. ಅಂಟು ಹಾಕಿ, ನೇರವಾದ ಆಂಗಲ್ ಪಟ್ಟಿಗೆ ಕ್ಲೆಕೋ (ತಾತ್ಕಾಲಿಕವಾಗಿ ಹಿಡಿದಿಡುವ ಪಿನ್ನು) ಬಿಗಿಯುವುದನ್ನು ಎಲ್ಲರೂ ಮಾಡುತ್ತಾರೆ. ಅದರ ಜೊತೆಗೆ ರಿವೆಟ್ ಹಾಕುವ ಸರದಿಯಲ್ಲಿ ನಾನು ಇನ್ನೊಂದು ಕೆಲಸ ಮಾಡಿದ್ದೇನೆ. ಒಂದೇ ರಡ್ಡರ್‌ನ ಆಧಾರದ ಮೇಲೆ ಅದನ್ನು ಬರೆಯಲು ಮನಸ್ಸಿಲ್ಲ, ಇನ್ನೊಮ್ಮೆ ಫಲಿಸಲಿ.

ಮುಗಿದ ಮೇಲೆ ಸೋದರಮಾವನಿಗೆ ವಿಡಿಯೋ ಕರೆಯಲ್ಲಿ ಒಳಗಿನ ಶಾಪ್ ಹೆಡ್‌ಗಳನ್ನು, ಅಂದರೆ ರಿವೆಟ್‌ಗಳ ಚಪ್ಪಟೆಯಾದ ಹಿಂತುದಿಗಳನ್ನು, ತೋರಿಸಿದೆ. ಅವರು ಕನ್ನಡಕ ಬದಲಿಸಿಕೊಂಡು, ಕ್ಯಾಮೆರಾವನ್ನು ಹತ್ತಿರ ತರಿಸಿ, ಅಂಚಿನಿಂದ ರಿವೆಟ್‌ಗೆ ಎಷ್ಟು ದೂರ ಬಿಟ್ಟಿದ್ದೀಯ ಎಂದು ಕೇಳಿದರು. ಎಲ್ಲ ಕಡೆಯೂ ರಿವೆಟ್ ವ್ಯಾಸದ ಎರಡು ಪಟ್ಟಿಗೆ ಕಡಿಮೆಯಿಲ್ಲ ಎಂದೆ. ರೆಕ್ಕೆಯನ್ನು ಯಾವಾಗ ಶುರು ಮಾಡುತ್ತೀಯ ಎಂದರು.

ರೆಕ್ಕೆಯ ಕಿಟ್ಟಿಗೆ ಮುಂಗಡ ಕಟ್ಟಿದ್ದೇನೆ. ನಕ್ಷೆಗಳ ಮೇಲೆ ಮತ್ತೆ ಹಸಿರು, ಕೆಂಪು ಗುರುತು ಹಾಕುತ್ತಿದ್ದೇನೆ. ಮೇಲ್ಹೊದಿಕೆಯ ನಡುವಿನ ಸಾಲುಗಳಿಗೆ ಯಾವ ಯೋಕ್ ಕೂಡ ತಲುಪದು, ಅಲ್ಲಿ ಕೆಂಪೇ ಹೆಚ್ಚು. ಆ ಶನಿವಾರಗಳಂದು ಬಾರ್ ಹಿಡಿಯಲು ಬರುವುದಾಗಿ ಗೋಡೆಯಾಚೆಯ ಮಗುವಿನ ತಂದೆ ತಾವಾಗಿಯೇ ಹೇಳಿದ್ದಾರೆ. ಅವರಿಗೆ ಕೈ ಕೂರಲೆಂದು ಹಾಳಾದ ಆ ಹೊದಿಕೆಯನ್ನು ತುಂಡರಿಸಿ ಅಭ್ಯಾಸದ ಪಟ್ಟಿಗಳನ್ನು ಸಿದ್ಧಮಾಡಿಟ್ಟಿದ್ದೇನೆ.