ವಾಪಸ್ ಬಾರದ ಸೂಜಿ

ಧಾರವಾಡ ಕಡೆಯ ಕಸೂತಿಯಲ್ಲಿ ಗವಂತಿ ಅಂತ ಒಂದು ಹೊಲಿಗೆ ಇದೆ. ಸೂಜಿ ಒಂದು ಹೊಲಿಗೆ ಹಾಕಿ, ಒಂದರ ಜಾಗ ಬಿಟ್ಟು ಮುಂದೆ ಹೋಗುತ್ತದೆ. ಕೊನೆ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಬಿಟ್ಟ ಜಾಗ ತುಂಬುತ್ತದೆ. ಆಗ ಗೆರೆ ಪೂರ್ತಿ. ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ.

ಅವ್ವ ಶಾಲಾ ಶಿಕ್ಷಕರ ತರಬೇತಿಯಾದ ಟಿಸಿಎಚ್‌ಗೆ ಅರ್ಜಿ ತುಂಬಿದ್ದಳು, ಅಕ್ಕೋರು ಆಗಬೇಕು ಅಂತಿತ್ತು ಅಂತ ಚಿಗವ್ವನ ಬಾಯಿಂದ ಗೊತ್ತಾಯಿತು. ಅರ್ಜಿ ಅಂಚೆಗೆ ಬೀಳುವ ಮೊದಲೇ ಲಗ್ನ ಗೊತ್ತಾಯಿತಂತೆ. ಅವ್ವ ಈ ಮಾತು ಒಮ್ಮೆಯೂ ಎತ್ತಿದವಳಲ್ಲ. ಕೇಳಲು ನನಗೂ ಧೈರ್ಯ ಬರಲಿಲ್ಲ. ಆ ಅರ್ಜಿಯನ್ನೇ ಹೊಲಿಯೋಣ ಅನಿಸಿತು, ಒಂದೇ ಕಡೆ ಹೋಗಿ ವಾಪಸ್ ಬಾರದ ಗವಂತಿಯಲ್ಲಿ.

ಬಟ್ಟೆ ಅವ್ವನ ಹಳೇ ಇಳಕಲ್ ಸೀರೆಯದು. ಮೊದಲು ಸೆರಗಿನ ಹತ್ತಿರ ಕತ್ತರಿಸಿ ಕೆಟ್ಟೆ. ಅಲ್ಲಿ ಬಟ್ಟೆ ಸವೆದಿತ್ತು, ಸೂಜಿ ಎಳೆದಲ್ಲೆಲ್ಲ ಹರಿಯಿತು. ಸೊಂಟಕ್ಕೆ ಸಿಕ್ಕಿಸುವ ಒಳಭಾಗ ಇನ್ನೂ ಗಟ್ಟಿ ಇತ್ತು, ಅದನ್ನೇ ತೆಗೆದುಕೊಂಡೆ. ಕಸೂತಿಗೆ ಪೆನ್ಸಿಲ್ ಗೀಟು ಹಾಕುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಇಳಕಲ್ ನೇಯ್ಗೆ ಒತ್ತು, ನನ್ನ ಕಣ್ಣಿಗೆ ನಿಲುಕಲಿಲ್ಲ. ಮೇಲೆ ಜಾಳಿಗೆ ಬಟ್ಟೆ ಇಟ್ಟು, ಅದರ ಮನೆ ಎಣಿಸಿ ಹೊಲಿದು, ಆಮೇಲೆ ಜಾಳಿಗೆಯ ಎಳೆ ಒಂದೊಂದಾಗಿ ಎಳೆದು ತೆಗೆದೆ.

ಅಂಚಿಗೆ ಗೋಪುರ, ತುಳಸಿಕಟ್ಟೆ, ತೊಟ್ಟಿಲು. ಇವನ್ನು ಗವಂತಿ ಮತ್ತು ಮೆಟ್ಟಿಲಿನಂತೆ ಸಾಗುವ ಮುರಗಿ ಹೊಲಿಗೆಯಲ್ಲಿ ಒಂದು ಹೊಲಿಗೆಯೂ ತಪ್ಪದಂತೆ ಪೂರ್ತಿ ಮಾಡಿದೆ. ನೇಗಿ, ಮೆಂತೆ ಅನ್ನೋ ಹೊಲಿಗೆಗಳನ್ನು ಬಿಟ್ಟೆ, ಅವು ಹಿಂಬದಿಯಲ್ಲಿ ಬೇರೆಯೇ ಕಾಣುತ್ತವೆ. ನಡುವೆ ಅರ್ಜಿಯ ಖಾಲಿ ಚೌಕಗಳು. ನಮ್ಮ ದುಂಡು ಅಕ್ಷರ ಎಣಿಕೆಯ ಹೊಲಿಗೆಯಲ್ಲಿ ಚೆಂದ ಬರಲ್ಲ, ಅದಕ್ಕೇ ಒಂದಕ್ಷರವೂ ಹಾಕಲಿಲ್ಲ. ಒಂದು ತೊಂದರೆ ಮಾತ್ರ ಮೊದಲೇ ಹೊಳೆದಿರಲಿಲ್ಲ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ದಾರದ ತುದಿಯನ್ನು ವಾಪಸ್ ಬರುವ ಹೊಲಿಗೆಯೊಳಗೇ ಮುಚ್ಚಿಡುತ್ತಾರೆ. ನನ್ನ ಸೂಜಿ ವಾಪಸ್ ಬರುವುದೇ ಇಲ್ಲವಲ್ಲ! ತುದಿಗಳನ್ನು 3 ಇಂಚು ಹಾಗೇ ಜೋತು ಬಿಟ್ಟೆ. ಯಾರೂ ಎಳೆಯದಿದ್ದರೆ ನಿಲ್ಲುತ್ತವೆ.

ಒಂದು ಮಧ್ಯಾಹ್ನ ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಚಿಗವ್ವ 2 ಚೌಕ ತುಂಬಿಬಿಟ್ಟಿದ್ದಳು. "ಅರ್ಧಾ ಬಿಟ್ಟಿದ್ದೀಯಲ್ಲವ್ವಾ, ನೋಡಿದವ್ರು ಏನಂತಾರ?" ಅಂದಳು. ಕೈ ನನಗಿಂತ ಎಷ್ಟೋ ಚೊಕ್ಕ. ಸಿಟ್ಟು ಬಂತು, ನಗುವೂ ಬಂತು. ಒಂದನ್ನು ಬಿಚ್ಚಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಇಡೀ ಕೆಲಸದಲ್ಲಿ ನನಗೆ ಈಗ ಜಾಸ್ತಿ ಇಷ್ಟವಾಗುವುದು ಅದೇ ಚೌಕ.

ಹಿಂದೆ ಹಲಗೆ ಇಲ್ಲದ ಚೌಕಟ್ಟಿಗೆ ಕಟ್ಟಿ, ಪಡಸಾಲೆಯ ಜಂತಿಯಿಂದ ಇಳಿಬಿಟ್ಟೆ. ಅವ್ವನಿಗೆ ಏನೂ ಹೇಳಲಿಲ್ಲ. ಅವಳು ಬಹಳ ಹೊತ್ತು ನಿಂತು ನೋಡಿದಳು. ಆಮೇಲೆ ಮೂಲೆಯ ದೊಡ್ಡ ಚೌಕದ ಮೇಲೆ ಬೆರಳಿಟ್ಟಳು.

"ಫೋಟೋ ಹಚ್ಚೂ ಜಾಗಾ ಬಲಕ್ಕಿತ್ತು. ನೀ ಎಡಕ್ಕ ಹಾಕೀದಿ."

ಕೈ ಹಿಡಿದು ಅವಳನ್ನು ಹಿಂಬದಿಗೆ ಕರೆದುಕೊಂಡು ಹೋದೆ. ಅಲ್ಲಿಂದ ನೋಡಿದರೆ ಅದು ಬಲಕ್ಕೇ ಇತ್ತು.