ತುರುಬಿನಿಂದ ಗುರುತಿಸಿದ ಫೌಸ್ಟೀನಾ

ಇಂಗ್ಲೆಂಡಿನ ನಾಣ್ಯ ಮೇಳವೊಂದರಲ್ಲಿ ನಾನು ಕೊಂಡ ಮೊದಲ ರೋಮನ್ ಬೆಳ್ಳಿ ನಾಣ್ಯದ ಚೀಟಿಯ ಮೇಲೆ ‘ಕಿರಿಯ ಫೌಸ್ಟೀನಾ’ ಎಂದು ಬರೆದಿತ್ತು. ಅದು ತಪ್ಪೆಂದು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು. ತಾಯಿ ಮಗಳಿಬ್ಬರ ಹೆಸರೂ ಒಂದೇ. ತಾಯಿ ಚಕ್ರವರ್ತಿ ಆಂಟೋನಿನಸ್ ಪಯಸ್‌ನ ಹೆಂಡತಿ, ಮಗಳು ಮಾರ್ಕಸ್ ಆರೀಲಿಯಸ್‌ನ ಹೆಂಡತಿ. ಮುಖವನ್ನೇ ದಿಟ್ಟಿಸುತ್ತಿದ್ದ ನಾನು ನೋಡಬೇಕಿದ್ದದ್ದು ತುರುಬನ್ನು. ಭೂತಗನ್ನಡಿ ಹಿಡಿದಾಗ, ಕೂದಲನ್ನು ಹೆಣೆದು, ನಡುವೆ ಮುತ್ತಿನ ಸರ ಸುತ್ತಿ, ನೆತ್ತಿಯ ಮೇಲೆ ಎತ್ತಿ ಕಟ್ಟಿದ್ದು ಕಂಡಿತು. ಅದು ತಾಯಿಯ ಕೇಶಶೈಲಿ. ಮಗಳ ತುರುಬು ಹಿಂದಲೆಗೆ ಇಳಿದಿರುತ್ತದೆ.

ಆಮೇಲೆ ಅಂಚಿನ ಬರಹವನ್ನು ಒಂದೊಂದೇ ಅಕ್ಷರವಾಗಿ ಕಾಗದಕ್ಕಿಳಿಸಿದೆ. ‘ಯು’ ಅಕ್ಷರವನ್ನೂ ‘ವಿ’ ಆಕಾರದಲ್ಲೇ ಕೆತ್ತುತ್ತಿದ್ದುದರಿಂದ ಮೊದಲು ತಡವರಿಸಿದೆನಾದರೂ ‘ದೀವಾ ಫೌಸ್ಟೀನಾ’ ಎಂಬುದು ಸ್ಪಷ್ಟವಾಯಿತು. ದೀವಾ ಎಂದರೆ ದೈವತ್ವಕ್ಕೇರಿದವಳು. ಕ್ರಿ.ಶ. 140ರ ಸುಮಾರಿಗೆ ತಾಯಿ ತೀರಿಕೊಂಡಾಗ ಸೆನೆಟ್ ಆಕೆಯನ್ನು ದೇವತೆಯೆಂದು ಸಾರಿತು. ಆಗ ಕಟ್ಟಿದ ಗುಡಿಯ ಕಂಬಗಳು ರೋಮಿನ ಹಳೆಯ ಊರಚೌಕವಾದ ಫೋರಂನಲ್ಲಿ ಇಂದಿಗೂ ನಿಂತಿವೆ. ಆಕೆ ಬದುಕಿದ್ದಾಗಿನ ನಾಣ್ಯಗಳಿಗಿಂತ ಸತ್ತ ಮೇಲೆ ಟಂಕಿಸಿದವೇ ಹೆಚ್ಚು ಸಿಗುತ್ತವೆ, ಆದ್ದರಿಂದಲೇ ನನ್ನಂಥವರ ಕೈಗೂ ಎಟುಕುತ್ತವೆ. ಮಗಳೂ ಮುಂದೆ ದೀವಾ ಆದಳು. ಆದರೆ ಅವಳ ಅಂಥ ನಾಣ್ಯಗಳಲ್ಲಿ ಸಾಮಾನ್ಯವಾಗಿ ‘ಪಿಯಾ’ (ಧರ್ಮನಿಷ್ಠೆ) ಎಂಬ ಪದ ಸೇರಿರುತ್ತದೆ.

ಹಿಂಬದಿಯಲ್ಲಿ ತಲೆಗೆ ಸೆರಗು ಹೊದ್ದು ನಿಂತ ಹೆಂಗಸು. ಪಕ್ಕದಲ್ಲಿ ಚಕ್ರವರ್ತಿನಿಯ ಬಿರುದಾದ ‘ಅಗಸ್ಟಾ’ ಎಂದಷ್ಟೇ ಇದೆ, ದೇವತೆಯ ಹೆಸರಿಲ್ಲ. ಒಂದು ಕೈಯಲ್ಲಿ ತೆನೆಗಳಿದ್ದವು. ಇನ್ನೊಂದು ಕೈಯ ಉದ್ದನೆಯ ವಸ್ತುವನ್ನು ನಾನು, ನಗಬೇಡಿ, ಒನಕೆ ಎಂದುಕೊಂಡಿದ್ದೆ. ಅದು ಪಂಜು. ತೆನೆ ಮತ್ತು ಪಂಜು ಒಟ್ಟಿಗಿದ್ದರೆ ಆಕೆ ಸೀರಿಸ್, ಅಪಹೃತಳಾದ ಮಗಳು ಪ್ರೊಸರ್ಪಿನಾಳನ್ನು ಪಂಜು ಹಿಡಿದು ಹುಡುಕುತ್ತ ಅಲೆದ ಬೆಳೆಯ ದೇವತೆ.

ತೂಕ 3.2 ಗ್ರಾಂ, ಆ ಕಾಲದ ಡೆನೇರಿಯಸ್ ಎಂಬ ರೋಮನ್ ಬೆಳ್ಳಿ ನಾಣ್ಯಕ್ಕೆ ಹೊಂದುವಂಥದ್ದು. ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗಳ ಅಂಚಿನಲ್ಲಿ ಕಾಣಬಹುದಾದ ಗೆರೆಯೂ ಇರಲಿಲ್ಲ.

ಇಷ್ಟಾದ ಮೇಲೆ ಒಂದು ಅವಿವೇಕ ಮಾಡಿದೆ. ಹಬ್ಬಕ್ಕೆ ಬೆಳ್ಳಿಯ ದೀಪ ಬೆಳಗುವ ಹಾಗೆ ನಾಣ್ಯಕ್ಕೂ ವಿಭೂತಿ ಹಚ್ಚಿ ಉಜ್ಜಿದೆ. ನಾಣ್ಯವೇನೋ ಪಳಪಳನೆ ಹೊಳೆಯಿತು, ಆದರೆ ಹೆಣಿಗೆಯ ಸಂದುಗಳಲ್ಲಿ ಕೂತು ಕೂದಲಿನ ಎಳೆಗಳನ್ನು ಎತ್ತಿ ತೋರಿಸುತ್ತಿದ್ದ ಕಪ್ಪು ಹೋಗಿಬಿಟ್ಟು, ಮುತ್ತಿನ ಸರ ಈಗ ದೀಪವನ್ನು ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಆಮೇಲೆ ಬಂದ ನಾಣ್ಯಗಳನ್ನು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒತ್ತಿ ಆರಿಸುತ್ತೇನೆ, ಅಷ್ಟೇ.