ಕುಳ್ಳ ಥೂಜಾ ಕಂದು ತಿರುಗಿದರೆ ನೀರು ಸುರಿಯಬೇಡಿ

ಸ್ಪ್ರೂಸ್, ಫರ್‌ನಂಥ ಚಳಿನಾಡಿನ ಮರಗಳಿಗೆ ಬೆಂಗಳೂರಿನ ಹವೆ ಒಗ್ಗದು. ಆದರೆ ಚೀನಾ ಮೂಲದ ಥೂಜಾ (ಪ್ಲಾಟಿಕ್ಲಾಡಸ್ ಓರಿಯೆಂಟಾಲಿಸ್) ನಮ್ಮ ಬಿಸಿಲನ್ನು ಸಲೀಸಾಗಿ ತಾಳಿಕೊಳ್ಳುತ್ತದೆ. ಅದರ ಹೊಂಬಣ್ಣದ ಕುಳ್ಳ ತಳಿ ‘ಔರಿಯಾ ನಾನಾ’ವನ್ನು ನಾನು ಮನೆಯ ಮುಂದೆ ಬೆಳೆಸಿದ್ದೇನೆ. ವರ್ಷವಿಡೀ ಹಸಿರಾಗಿರುವ ಇಷ್ಟು ಅಚ್ಚುಕಟ್ಟಾದ ಗಿಡ ಸಣ್ಣ ಅಂಗಳಕ್ಕೆ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ನರ್ಸರಿಯಲ್ಲಿ ಸಾಧಾರಣ ಥೂಜಾ ಸಸಿಯೂ ಇದರ ಪಕ್ಕದಲ್ಲೇ ಇರುತ್ತದೆ. ಅದು ಮುಂದೆ ಎರಡಾಳೆತ್ತರ ಮೀರಿ ಹೋಗುತ್ತದೆ. ಕುಳ್ಳ ತಳಿ ಬಹುಕಾಲ ನಾಲ್ಕೈದು ಅಡಿಯ ಆಸುಪಾಸಿನಲ್ಲೇ ಇರುತ್ತದೆ. ಬುಡದಿಂದಲೇ ಒತ್ತೊತ್ತಾಗಿ ಕವಲೊಡೆದ ಸಸಿಯನ್ನೇ ನಾನು ಆರಿಸುತ್ತೇನೆ. ಬೀಜದಿಂದ ಎದ್ದದ್ದು ತಾಯಿಗಿಡದಂತೆಯೇ ಇರುತ್ತದೆಂಬ ಖಾತರಿ ಇಲ್ಲವಾದ್ದರಿಂದ, ಕಡ್ಡಿಯಿಂದ ಮಾಡಿದ್ದೇ ಎಂದು ಕೇಳಿ ತಿಳಿದುಕೊಳ್ಳುತ್ತೇನೆ.

ಸಸಿಯ ಬೇರಿಗೆ ಅಂಟಿದ ಕೆಂಪು ಜೇಡಿಮಣ್ಣಿನ ಉಂಡೆಯನ್ನು ನೀರಿನಲ್ಲಿ ನೆನೆಸಿ, ಅಂಚನ್ನು ಬೆರಳಿನಿಂದ ಸಡಿಲಿಸಿ ನೆಡುತ್ತೇನೆ. ಮಡಿ ನೆಲಕ್ಕಿಂತ ಗೇಣುದ್ದ ಎತ್ತರದಲ್ಲಿರಬೇಕು, ಮಣ್ಣಿಗೆ ದಪ್ಪ ಮರಳು ಬೆರೆತಿರಬೇಕು. ಗೋಡೆಗೆ ಒತ್ತಿ ನೆಟ್ಟರೆ ಬೆಳಕು ಕಾಣದ ಮಗ್ಗುಲು ಬೋಳಾಗುತ್ತದೆ.

ನೆಟ್ಟ ಮೇಲೆ ಎಲ್ಲರನ್ನೂ ಕಾಡುವುದು ಕಂದು ಬಣ್ಣ. ಬೀಸಣಿಗೆಯಂತೆ ನೆಟ್ಟಗೆ ನಿಂತ ಸೊಪ್ಪನ್ನು ಎರಡೂ ಕೈಯಿಂದ ಬಿಡಿಸಿ ನೋಡಿ: ಹಸಿರು ಇರುವುದು ಹೊರಗಿನ ಪದರದಲ್ಲಿ ಮಾತ್ರ, ಒಳಗೆಲ್ಲ ಒಣಗಿದ ಕಂದು ಎಲೆ. ಅದು ರೋಗವಲ್ಲ, ನೆರಳಿಗೆ ಸಿಕ್ಕ ಹಳೆಯ ಎಲೆ ಉದುರುವ ಕ್ರಮ. ಅದನ್ನು ಉದುರಿಸಿ ಗಾಳಿಯಾಡಲು ಬಿಟ್ಟರೆ ಸಾಕು. ಆದರೆ ಕತ್ತರಿ ಆ ಕಂದು ಭಾಗದವರೆಗೆ ಇಳಿಯಬಾರದು. ಎಲೆಯಿಲ್ಲದ ಹಳೆಯ ಕಡ್ಡಿ ಮತ್ತೆ ಚಿಗುರುವುದು ತೀರಾ ಅಪರೂಪ. ಅಲ್ಲಿ ಬಿದ್ದ ತೂತು ಹಾಗೆಯೇ ಉಳಿಯುತ್ತದೆ. ಹಸಿರು ತುದಿಯನ್ನಷ್ಟೇ, ಅದೂ ಹೊಸ ಚಿಗುರು ಬರುವ ಮುನ್ನ, ಸವರುತ್ತೇನೆ.

ಮಳೆಗಾಲದಲ್ಲಿ ಗಿಡ ಇಡಿಯಾಗಿ ಕಳೆಗುಂದಿದರೆ ಬಾಯಾರಿಕೆ ಎಂದುಕೊಳ್ಳಬೇಡಿ. ಮಣ್ಣಿಗೆ ಬೆರಳಿಟ್ಟಾಗ ಒದ್ದೆ ಸಿಕ್ಕರೆ ಬೇರು ಕೊಳೆಯುತ್ತಿದೆ ಎಂಬ ಅನುಮಾನ ಬರಬೇಕು. ಮೊದಲು ನೀರು ಹರಿದುಹೋಗಲು ದಾರಿ ಮಾಡಬೇಕು.

ಮಾರ್ಚ್‌ನಿಂದ ಮೇ ತಿಂಗಳವರೆಗೆ ಸೊಪ್ಪು ಧೂಳು ಹಿಡಿದಂತೆ ಮಂಕಾಗುವುದಕ್ಕೆ ಕಾರಣ ಬೇರೆ, ಅದು ಎಲೆಯ ರಸ ಹೀರುವ ಪುಟ್ಟ ನುಸಿ. ರೆಂಬೆಯ ಕೆಳಗೆ ಬಿಳಿ ಕಾಗದ ಹಿಡಿದು ಎರಡು ಸಲ ತಟ್ಟುತ್ತೇನೆ. ಬಿದ್ದ ಚುಕ್ಕೆಗಳು ಹರಿದಾಡತೊಡಗಿದರೆ ಅನುಮಾನವೇ ಬೇಡ. ಬೆಳಿಗ್ಗೆ ಪೈಪಿನ ನೀರನ್ನು ರಭಸವಾಗಿ ಒಳಗಿನವರೆಗೂ ಹಾಯಿಸುತ್ತೇನೆ, ಕೆಲವು ದಿನ ಬಿಟ್ಟು ಮತ್ತೆ ಹಾಯಿಸುತ್ತೇನೆ. ಅದಕ್ಕೂ ಜಗ್ಗದಿದ್ದರೆ ಸಂಜೆ ಬಿಸಿಲಿಳಿದ ಮೇಲೆ ಬೇವಿನ ಎಣ್ಣೆ ಸಿಂಪಡಿಸುತ್ತೇನೆ. ಮಂಕಾದ ಎಲೆ ಮತ್ತೆ ಹಸಿರಾಗದು; ಜೂನ್ ಮಳೆಗೆ ಬರುವ ಚಿಗುರು ಅದನ್ನು ಮುಚ್ಚುವವರೆಗೆ ಕತ್ತರಿಯನ್ನು ಹೊರಗೆ ತೆಗೆಯುವುದಿಲ್ಲ.